ಅರಮನೆಯಲ್ಲಿ ಬಿದ್ದ ಏಟು

ನಮ್ಮ ಡ್ರಾಯಿಂಗ್ ಸರ್ ತೀರಿಕೊಂಡ ಸುದ್ದಿ ಕೇಳಿದಾಗ ನನ್ನ ಕೈ ತಾನಾಗಿಯೇ ಎಡಗಿವಿಯ ಮೇಲೆ ಹೋಯಿತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅವರು ಹೊಡೆದ ಜಾಗ ಅದು. ಕ್ಯಾಲೆಂಡರಿನ ಸರಸ್ವತಿಯ ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದು, ನಾನೇ ನೋಡಿ ಬರೆದೆ ಎಂದು ಅವರ ಮುಂದೆ ಹಿಡಿದಿದ್ದೆ. ಅವರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿ ನೋಡಿದರು, ಮೇಜಿನ ಮೇಲಿಟ್ಟರು.

"ಇದನ್ನ ನೀ ತಗದಿ?"

"ಹೌದ್ರೀ ಸರ್."

ಆಮೇಲೆ ನನಗೆ ಕಂಡದ್ದು ನೆಲ. ಎರಡು ದಿನ ಕಿವಿಯೊಳಗೆ ಜೇನುಹುಳ ಕೂತಂತೆ ಸದ್ದು. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಇನ್ನೊಂದು ಕಿವಿಗೂ ಹಾಕುತ್ತಿದ್ದ. ಸರ್ ಹೊಡೆದರೆಂದರೆ ತಪ್ಪು ನನ್ನದೇ ಇರಬೇಕು ಎನ್ನುವ ಕಾಲ ಅದು. ಮೂರನೆಯ ದಿನ ಅವರು ನನ್ನ ಬೆಂಚಿಗೆ ಬಂದು ಕೂತರು. ಮುಂದೆ ಒಂದು ಹಿತ್ತಾಳೆಯ ತಂಬಿಗೆ ಇಟ್ಟರು. "ಕಾಗದ ನೋಡಬ್ಯಾಡ. ಇದನ್ನ ನೋಡು. ಕೈ ತಾನ ಬರತೈತಿ" ಎಂದರು. ಇಡೀ ಗಂಟೆ ಪಕ್ಕದಲ್ಲೇ ಕೂತಿದ್ದರು. ಹೊಡೆದದ್ದರ ಬಗ್ಗೆ ಒಂದು ಮಾತಿಲ್ಲ.

ಇವತ್ತು ನಾನು ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಅವರ ಅಂತ್ಯಕ್ರಿಯೆಗೆ ಬಂದ ಹಳೆಯ ವಿದ್ಯಾರ್ಥಿಗಳೆಲ್ಲ, "ಸರ್ ಹೊಡದದ್ದಕ್ಕ ನಾವು ಉದ್ಧಾರ ಆದ್ವಿ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ನನಗೆ ಕಲಿಸಿದ್ದು ಆ ತಂಬಿಗೆ. ಏಟು ಬರೀ ಕಿವಿ ಹಾಳು ಮಾಡಿತು. ಆ ಕಡೆಯಿಂದ ಯಾರಾದರೂ ಮೆಲ್ಲಗೆ ಮಾತಾಡಿದರೆ ಈಗಲೂ ನಾನು ತಲೆ ತಿರುಗಿಸಬೇಕು.

ಅವರು ಹಳೇ ಹುಬ್ಬಳ್ಳಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಡ್ರಾಯಿಂಗ್ ಮಾಸ್ತರರಾಗಿದ್ದರು. ಕುಳ್ಳ ದೇಹ, ಗೂಳಿಯಂಥ ಕುತ್ತಿಗೆ, ಮೊಣಕೈ ತನಕ ಮಡಚಿದ ತೋಳು. ಪೆನ್ಸಿಲನ್ನು ಮೆಂಡರಿನಿಂದ ಕೆತ್ತುತ್ತಿರಲಿಲ್ಲ, ಬ್ಲೇಡಿನಿಂದ ಕೆತ್ತುತ್ತಿದ್ದರು. ಸೀಸ ಸೂಜಿಯಷ್ಟು ಉದ್ದ ಹೊರಗೆ ಬರಬೇಕು. ಹೊಸಬರ ಮುಖ ಕಂಡರೆ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸುತ್ತಿದ್ದರು. ಮನುಷ್ಯರ ಗದ್ದ ಹಿಡಿಯುವುದು ಅವರಿಗೆ ತರಕಾರಿ ಎತ್ತಿ ನೋಡಿದಷ್ಟೇ ಸಹಜ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಹೀಗೆ ಮಾಡಿ ಜಗಳ ತಂದುಕೊಂಡದ್ದುಂಟು. ಜಗಳ ಬಂದರೆ ಅವರ ಕೈ ಮಾತಿಗಿಂತ ಮೊದಲು ಮುಂದಾಗುತ್ತಿತ್ತು. ಒಮ್ಮೆ ಶಾಲೆಯ ಹೆಡ್‌ಮಾಸ್ತರರು ಡ್ರಾಯಿಂಗ್ ಕೋಣೆಯನ್ನು ಹಳೆಯ ಬೆಂಚು ತುಂಬಲು ಕೇಳಿದಾಗ, ಅವರ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದರು. ಮೂರು ತಿಂಗಳು ಅಮಾನತು. ಕೋಣೆ ಮಾತ್ರ ಉಳಿಯಿತು.

ಮುಖ ನೋಡುವ ಈ ಕಣ್ಣು ನಿಮಗೆ ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿದ್ದೆ. ಆಗ ನಾನೂ ಶಿಕ್ಷಕಿಯಾಗಿದ್ದೆ, ಅವರೆದುರು ಕೂತು ಚಹಾ ಕುಡಿಯುವಷ್ಟು ಸಲಿಗೆ ಇತ್ತು. ಅವರು ಬಸಿಯಲ್ಲಿ ಚಹಾ ಆರಿಸುತ್ತ ಹೇಳಿದರು:

"ನಮ್ಮಪ್ಪ ಕಾರ್ಖಾನ್ಯಾಗ ಫಿಟ್ಟರ್ ಇದ್ದ. ಸಂಜಿಗೆ ಬಾಗಲದಾಗ ಬಂದು ನಿಂತ ಅಂದ್ರ ಅವನ ಮಾರಿ ನೋಡ್ತಿದ್ದೆ. ಎಡಗಣ್ಣಿನ ಕೆಳಗ ಒಂದು ನರ ಹಾರತಿದ್ರ ಅವತ್ತು ಬೆಲ್ಟ್. ಹಾರಲಿಲ್ಲ ಅಂದ್ರ ಊಟ. ಅದನ್ನ ನೋಡಿ ನೋಡಿ ನನಗ ಮಾರಿ ಓದಾಕ ಬಂತು ನೋಡು."

"ನಿಮ್ಮ ಕಣ್ಣಿನ ಕೆಳಗೂ ಹಾರತೈತ್ರಿ ಸರ್" ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು.

ಅವರು ಬಸಿ ಕೆಳಗಿಟ್ಟು ನನ್ನನ್ನೇ ನೋಡಿದರು. ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡೆ. "ಗೊತ್ತೈತಿ" ಎಂದರು, ಅಷ್ಟೆ.

ಈ ಕಣ್ಣಿನಿಂದಾಗಿಯೇ ಪೊಲೀಸರು ಅವರನ್ನು ಕರೆಯುತ್ತಿದ್ದರು. ಕಳ್ಳನನ್ನು ಕಂಡವರು ಹೇಳುತ್ತ ಹೋದಂತೆ ಮುಖ ಬಿಡಿಸುವುದು. ರೈಲಿನ ಹಳಿಯ ಮೇಲೆ, ಕೆರೆಯಲ್ಲಿ ಸಿಕ್ಕ ಹೆಣಗಳ ಫೋಟೊ ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಅಂಥ ಮುಖ ಬದುಕಿದ್ದಾಗ ಹೇಗಿದ್ದಿರಬಹುದೆಂದು ಬಿಡಿಸಿಕೊಡುವುದು. ಎಷ್ಟೋ ಹೆಣಗಳು ಅವರ ಚಿತ್ರದಿಂದ ಮನೆಗೆ ಹೋಗಿವೆ. ಆ ಕೆಲಸಕ್ಕೆ ಹೋಗುವಾಗ ಮಾತ್ರ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದರು.

ಅವರ ನಿವೃತ್ತಿಗೆ ಇನ್ನೊಂದು ವರ್ಷ ಇದ್ದಾಗ ನಮ್ಮ ಕಡೆ ಎಲ್ಲೆಲ್ಲೂ ಮಕ್ಕಳ ಕಳ್ಳರ ಸುದ್ದಿ. ಯಾರ ಮಗುವೂ ಕಳುವಾಗಿರಲಿಲ್ಲ, ಆದರೆ ಎಲ್ಲರ ಮೊಬೈಲಿನಲ್ಲೂ ಕಳ್ಳರು ಬಂದಿದ್ದರು. ಅಂಥದರಲ್ಲಿ ಒಂದು ಮಗು ಮಧ್ಯಾಹ್ನ ಮನೆಮುಂದಿನಿಂದ ಕಾಣೆಯಾಯಿತು. ಓಣಿಯ ಮುದುಕಿಯೊಬ್ಬಳು, ಒಬ್ಬ ಗಂಡಸು ಎತ್ತಿಕೊಂಡು ಹೋದದ್ದನ್ನು ಕಂಡೆ ಎಂದಳು. ಸರ್ ಹೋಗಿ ಅವಳ ಮುಂದೆ ಕೂತು ಮುಖ ಬಿಡಿಸಿದರು. ಮರುದಿನವೇ ಮಗು ಅದರ ಸೋದರಮಾವನ ಮನೆಯಲ್ಲಿ ಸಿಕ್ಕಿತು. ಮಾವ ಹೇಳದೆ ಕರೆದುಕೊಂಡು ಹೋಗಿದ್ದ. ಮುದುಕಿ ಕಂಡದ್ದು ಏನನ್ನೋ, ಅಥವಾ ಏನನ್ನೂ ಅಲ್ಲ. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಷ್ಟರಲ್ಲಿ ಯಾರೋ ಆ ಚಿತ್ರದ ಫೋಟೊ ತೆಗೆದು, ಕೆಳಗೆ 'ಮಕ್ಕಳ ಕಳ್ಳ, ಕಂಡಲ್ಲಿ ಬಿಡಬೇಡಿ' ಎಂದು ಬರೆದು ಹರಿಯಬಿಟ್ಟಿದ್ದರು. ಮಗು ಸಿಕ್ಕ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಆರು ದಿನಗಳ ಮೇಲೆ ಸರ್ ನನಗೆ ಫೋನ್ ಮಾಡಿ, "ಗಾಡಿ ತಗೊಂಡು ಬಾ, ದೊಡ್ಡ ದವಾಖಾನಿಗೆ ಹೋಗಬೇಕು" ಎಂದರು. ಅವರ ಮೊಣಕಾಲು ನೋಯುತ್ತಿತ್ತು, ಸ್ಕೂಟರ್ ಓಡಿಸಲು ಆಗುತ್ತಿರಲಿಲ್ಲ. ಊರ ಹೊರಗಿನ ಸಂತೆಯಲ್ಲಿ ಜನ ಸೇರಿ ಒಬ್ಬನನ್ನು ಹೊಡೆದು ಕೊಂದಿದ್ದರು. ಸೈಕಲ್ಲಿನ ಮೇಲೆ ಕಂಬಳಿ ಮಾರಲು ಬಂದ ಪರರಾಜ್ಯದವನು. ಗುರುತು ಸಿಕ್ಕಿರಲಿಲ್ಲ, ಮುಖವೇ ಉಳಿದಿರಲಿಲ್ಲ.

ಶವಾಗಾರದ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ಒಳಗೆ ಸರ್ ಸ್ಟೂಲಿನ ಮೇಲೆ ಕೂತು ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಒಬ್ಬ ಪೇದೆ ಮೂಗಿಗೆ ಕರವಸ್ತ್ರ ಹಿಡಿದಿದ್ದ. ನನಗೆ ದೂರದಿಂದ ಕಂಡದ್ದು ಒಂದು ಕಿವಿ, ಅದರ ಕೆಳಗೆ ಕಪ್ಪಾದ ಕೂದಲು. ಸರ್ ಒಂದೊಂದೇ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿ ಗೆರೆ ಎಳೆಯುತ್ತಿದ್ದರು. ಗದ್ದದ ಎಲುಬು. ಕೆನ್ನೆಯ ಎಲುಬು. ಹುಬ್ಬಿನ ಏಣು. ಅರ್ಧ ತಾಸಾಗಿರಬೇಕು. ಇದ್ದಕ್ಕಿದ್ದಂತೆ ಪೆನ್ಸಿಲ್ ನಿಂತಿತು. ಚೀಲದಿಂದ ಹಳೆಯ ಕಾಗದವೊಂದನ್ನು ತೆಗೆದು ಹೊಸದರ ಪಕ್ಕದಲ್ಲಿ ಇಟ್ಟರು. ಮುದುಕಿ ಹೇಳಿ ಬರೆಸಿದ ಮುಖ ಅದು.

"ಬಾ ಇಲ್ಲೆ" ಎಂದರು ನನಗೆ.

ಹೋದೆ. ಎರಡೂ ಕಾಗದಗಳಲ್ಲಿ ಇದ್ದದ್ದು ಅಣ್ಣತಮ್ಮಂದಿರಂಥ ಮುಖಗಳು. ಅದೇ ಅಗಲ ಹಣೆ, ಕೂಡಿದ ಹುಬ್ಬು, ಸಣ್ಣ ಗದ್ದ.

"ಇದು ಯಾರದೂ ಅಲ್ಲದ ಮಾರಿ" ಎಂದು ಹಳೆಯದನ್ನು ಮುಟ್ಟಿದರು. "ಮುದುಕಿ ಏನೂ ಕಂಡಿದ್ದಿಲ್ಲ. ನಾ ಕೇಳಿಕೇಳಿ ಅಕಿ ಬಾಯಿಂದ ಹೊರಡಿಸಿದೆ. ಹುಬ್ಬು ಕೂಡಿದ್ದೂ ಏನವ್ವಾ ಅಂದೆ, ಹೂಂ ಅಂದ್ಳು. ಇಲ್ಲದ ಮನಶ್ಯಾನ ನಾ ತಗದು ಕೊಟ್ಟೆ. ಮಂದಿ ಹುಡುಕಿ ಹೊಡದ್ರು."

ಪೇದೆ, "ಹಂಗೆಲ್ಲಾ ಅನಬ್ಯಾಡ್ರಿ ಸರ್, ಆ ಮಂದಿ ಯಾವ ಚಿತ್ರಾ ನೋಡಿ ಹೊಡಿಯೂದಿಲ್ಲ" ಎಂದ. ಸರ್ ಮತ್ತೆ ಪೆನ್ಸಿಲ್ ಎತ್ತಿಕೊಂಡರು. ಕೂತು ಹೊಸ ಚಿತ್ರವನ್ನು ಮುಗಿಸಿದರು. ಅದು ಪತ್ರಿಕೆಯಲ್ಲಿ ಬಂದು, ವಾರದಲ್ಲಿ ಅವನ ತಮ್ಮ ಬಂದು ಅಣ್ಣನನ್ನು ಗುರುತಿಸಿದ.

ಸಂತೆಯಲ್ಲಿ ನಡೆದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ನಾನು ಮೊದಲಿನ ಸ್ವಲ್ಪ ಭಾಗ ಮಾತ್ರ ನೋಡಿದೆ. ಅವನು ಟೈರಿನ ಅಂಗಡಿಯೊಳಗೆ ಓಡುತ್ತಾನೆ, ಕಾಲು ಹಿಡಿದು ಹೊರಗೆ ಎಳೆಯುತ್ತಾರೆ, ಅವನ ಸೈಕಲ್ಲಿನದೇ ಚೈನು ಬಿಚ್ಚಿ ಒಬ್ಬ ಬೀಸುತ್ತಾನೆ. ಅವನು ಕೈ ಜೋಡಿಸಿ ಏನೋ ಹೇಳುತ್ತಿರುತ್ತಾನೆ, ಯಾರಿಗೂ ಅವನ ಭಾಷೆ ಬರುವುದಿಲ್ಲ. ಸರ್ ಅದನ್ನು ಕೊನೆಯ ತನಕ ನೋಡಿದರು. ಒಂದು ಕಡೆ ನಿಲ್ಲಿಸಿ, ಗಾಳಿ ಹಾಕುವ ಪಂಪಿನಿಂದ ಹೊಡೆಯುತ್ತಿದ್ದವನ ಮೇಲೆ ಬೆರಳಿಟ್ಟರು. "ಇಂವ ನನ್ನ ವಿದ್ಯಾರ್ಥಿ. ಏಳನೇ ಕ್ಲಾಸಿನ್ಯಾಗ ಇವಗ ಡಸ್ಟರ್‌ಲೆ ಹೊಡದಿದ್ದೆ. ಹಣಿ ಒಡದಿತ್ತು." ಮರುದಿನ ಠಾಣೆಗೆ ಹೋಗಿ ಅವನ ಹೆಸರು ಬರೆಸಿ ಬಂದರು.

ಆಮೇಲೆ ಅವರು ಮುಖ ಬಿಡಿಸುವುದನ್ನು ಬಿಟ್ಟರು. ಪೊಲೀಸರು ಕರೆದರೆ ಕಣ್ಣು ಕಾಣುವುದಿಲ್ಲ ಎನ್ನುತ್ತಿದ್ದರು. ನಿವೃತ್ತಿಯಾಗಲು ಇದ್ದ ಒಂದು ವರ್ಷ ಮಕ್ಕಳಿಗೆ ಮಡಕೆ, ಮರ, ಎತ್ತಿನ ಗಾಡಿ ಕಲಿಸಿದರು. ಹೊಡೆಯುವುದು ನಿಂತಿತು ಎಂದು ನಾವೆಲ್ಲ ತಿಳಿದಿದ್ದೆವು.

ನಿವೃತ್ತರಾದ ಮೇಲೆ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದದ್ದು ನನ್ನ ಹಟ. ನಮ್ಮ ಶಾಲೆಯ ಇಪ್ಪತ್ತು ಹುಡುಗಿಯರಿಗೆ ರಾಷ್ಟ್ರೀಯ ಕಲಾ ಸಂಗ್ರಹಾಲಯ ತೋರಿಸುವ ಪ್ರವಾಸ. ಹಿಂದೆ ಅರಮನೆಯಾಗಿದ್ದ ಕಟ್ಟಡವನ್ನೇ ಸಂಗ್ರಹಾಲಯ ಮಾಡಿದ್ದಾರೆ. ಜೀವನವೆಲ್ಲ ಚಿತ್ರ ಕಲಿಸಿದ ಮನುಷ್ಯ ಅಂಥದೊಂದು ಜಾಗವನ್ನು ಕಣ್ಣಾರೆ ಕಂಡಿರಲಿಲ್ಲ. ಪುಸ್ತಕದಲ್ಲಿನ ಅಂಗೈಯಗಲದ ಪಟಗಳೇ ಅವರ ಸಂಗ್ರಹಾಲಯ. ಮೊದಲು ಒಲ್ಲೆ ಎಂದರು. ಮೂರನೆಯ ಸಲ ಕೇಳಿದಾಗ ಇಸ್ತ್ರಿ ಅಂಗಿ ಹಾಕಿಕೊಂಡು ಸ್ಟೇಶನ್ನಿಗೆ ಬಂದಿದ್ದರು.

ಆ ಅರಮನೆಯನ್ನು ಅವರು ಹೊಕ್ಕ ರೀತಿ ನನಗೆ ಮರೆಯುವುದಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟರು. ಕಾವಲಿನ ಹೆಣ್ಣುಮಗಳು ನಕ್ಕು, "ಸಾರ್, ಹಾಕ್ಕೊಂಡೇ ಬನ್ನಿ, ಇದು ದೇವಸ್ಥಾನ ಅಲ್ಲ" ಎಂದಳು. "ಇರ್ಲಿ ಬಿಡವಾ" ಎಂದು ಬರಿಗಾಲಲ್ಲೇ ಒಳಗೆ ಬಂದರು. ಎತ್ತರದ ಚಾವಣಿ, ಹೊಳೆಯುವ ಮರದ ಮೆಟ್ಟಿಲು, ಉದ್ದುದ್ದ ಕಿಟಕಿಗಳಿಂದ ಬೀಳುವ ಹದವಾದ ಬೆಳಕು. ರಾಜರ ಊಟದ ಮನೆ, ಮಲಗುವ ಮನೆ, ರಾಣಿಯರ ಜನಾನಾ, ಎಲ್ಲದರ ಗೋಡೆಯ ಮೇಲೂ ಈಗ ಚಿತ್ರಗಳು. ಸರ್ ಒಂದು ಚಿತ್ರದ ಮುಂದೆ ನಿಂತರೆ ಹತ್ತು ನಿಮಿಷ. ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗುವುದು, ಹಿಂದೆ ಹಿಂದೆ ಸರಿದು ಯಾರದೋ ಕಾಲು ತುಳಿಯುವುದು. ಹುಡುಗಿಯರನ್ನು ಕರೆದು, "ನೋಡ್ರವಾ, ಈ ಹೆಣ್ಣಮಗಳ ಸೀರಿ ಸೆರಗಿನಾಗ ಎಷ್ಟು ಹಸರು ಅದಾವ ಎಣಸ್ರಿ" ಎಂದರು. ಒಬ್ಬಳು ಏಳು ಎಂದಳು, ಇನ್ನೊಬ್ಬಳು ಒಂಬತ್ತು ಎಂದಳು. ಸರ್ ನಕ್ಕದ್ದನ್ನು ನಾನು ಬಹಳ ದಿನದ ಮೇಲೆ ನೋಡಿದೆ.

ಮಹಡಿಯ ಮೇಲೆ, ಹಿಂದೆ ದರ್ಬಾರು ನಡೆಯುತ್ತಿದ್ದ ದೊಡ್ಡ ಕೋಣೆಯಲ್ಲಿ, ಗೋಡೆ ತುಂಬ ಒಂದು ತೈಲಚಿತ್ರವಿತ್ತು. ಸಂತೆ. ಉರುಳಿದ ಬುಟ್ಟಿಗಳು, ಒಡೆದ ಕುಂಬಳಕಾಯಿ. ನಡುವೆ ನೆಲಕ್ಕೆ ಬಿದ್ದ ಒಬ್ಬ ಮನುಷ್ಯ. ಸುತ್ತ ಕೋಲು, ಕಲ್ಲು ಎತ್ತಿದ ಜನ. ಯಾವ ಊರು, ಯಾವ ಕಾಲ ಎಂದು ಗೊತ್ತಾಗದ ಹಾಗೆ ಬರೆದಿದ್ದ ಕಲಾವಿದ. ನಾನು ಅದನ್ನು ಮೊದಲೇ ನೋಡಿದ್ದರೆ ಸರ್ ಅವರನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ. ನಾನು ಒಳಗೆ ಹೋಗುವಷ್ಟರಲ್ಲಿ ಅವರು ಅದರ ಎದುರು ನಿಂತಾಗಿತ್ತು.

"ನೋಡು" ಎಂದರು, ತಿರುಗದೆ. "ಹೊಡಿಯೋರ ಮಾರಿ ಒಂದೂ ಬಿಟ್ಟಿಲ್ಲ. ಇಪ್ಪತ್ಮೂರು ಅದಾವ. ಬಿದ್ದಾಂವಂದು ಮಾತ್ರ ತಗದಿಲ್ಲ. ಕೈ ಅಡ್ಡ ಇಟ್ಟಾನ."

"ಹೌದ್ರೀ ಸರ್. ಕೆಳಗ ಹೋಗೋಣ ಬರ್ರಿ."

"ಶಾಣ್ಯಾ ಅದಾನ ಇಂವ. ನನಗಿಂತ ಶಾಣ್ಯಾ."

ಅವರನ್ನು ಬಿಟ್ಟು ನಾನು ಪಕ್ಕದ ಕೋಣೆಯಲ್ಲಿದ್ದ ಹುಡುಗಿಯರನ್ನು ಎಣಿಸಲು ಹೋದೆ. ಅದೇ ನಾನು ಮಾಡಿದ ತಪ್ಪು. ಹದಿನೇಳು ಜನ ಸಿಕ್ಕರು. ಉಳಿದ ಮೂವರು ಇನ್ನೊಂದು ಬಾಗಿಲಿನಿಂದ ದರ್ಬಾರಿನ ಕೋಣೆಗೆ ಹೋಗಿದ್ದರು. ಅವರಲ್ಲಿ ಒಬ್ಬಳು ಸವಿತಾ. ಹತ್ತನೆಯ ತರಗತಿ, ಹಳೇ ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಗಂಗವ್ವನ ಮಗಳು. ತರಗತಿಯಲ್ಲಿ ಎಲ್ಲರಿಗಿಂತ ಚಲೋ ಗೆರೆ ಅವಳದು, ಎಲ್ಲರಿಗಿಂತ ಜೋರು ಬಾಯಿಯೂ ಅವಳದೇ. ಅವಳು ಆ ಚಿತ್ರದ ಕೆಳಗೆ ನೆಲದ ಮೇಲೆ ಮಲಗಿ, ಬಿದ್ದವನ ಹಾಗೆ ಮುಖಕ್ಕೆ ಕೈ ಅಡ್ಡ ಇಟ್ಟಿದ್ದಳು. ಒಬ್ಬಳು ಮೊಬೈಲು ಹಿಡಿದಿದ್ದಳು, ಇನ್ನೊಬ್ಬಳು ನೀರಿನ ಬಾಟಲಿ ಎತ್ತಿ ಹೊಡೆದ ಹಾಗೆ ಮಾಡುತ್ತಿದ್ದಳು. "ಹೊಡೀರಿ, ಹೊಡೀರಿ, ಬಿಡಬ್ಯಾಡ್ರಿ ಕಳ್ಳನ್ನ!" ಎಂದು ಸವಿತಾಳೇ ನಗುತ್ತ ಕೂಗುತ್ತಿದ್ದದ್ದು ನಾನಿದ್ದ ಕೋಣೆಯ ತನಕ ಕೇಳಿಸಿತು. ಆಮೇಲೆ ಒಂದು ಸದ್ದು. ಮರದ ನೆಲ ಅದನ್ನು ಇಡೀ ಅರಮನೆಗೆ ಕೇಳಿಸಿತು.

ನಾನು ಓಡಿ ಬಂದಾಗ ಸರ್ ಅವಳನ್ನು ತೋಳು ಹಿಡಿದು ಎಬ್ಬಿಸಿ ಎರಡನೆಯ ಏಟು ಹೊಡೆಯುತ್ತಿದ್ದರು. ಅವಳ ತಲೆ ಪಕ್ಕಕ್ಕೆ ತಿರುಗಿತು, ತುಟಿ ಒಡೆದು ಬಿಳಿಯ ಯೂನಿಫಾರ್ಮಿನ ಮೇಲೆ ರಕ್ತ ಹನಿಯಿತು. ಅವರ ಕೈ ಮೂರನೆಯ ಸಲ ಮೇಲೆ ಹೋಯಿತು. ಎಡಗಣ್ಣಿನ ಕೆಳಗೆ ನರ ಕುಣಿಯುತ್ತಿತ್ತು. ನಾನು ಆ ಕೈಗೆ ಜೋತುಬಿದ್ದೆ. ಅವರು ಕೊಡವಿದ ರಭಸಕ್ಕೆ ನನ್ನ ಭುಜ ಗೋಡೆಗೆ ಬಡಿಯಿತು. ಆದರೆ ನಾನು ಬಿಡಲಿಲ್ಲ. ಜೀವನದಲ್ಲಿ ಮೊದಲ ಸಲ ಅವರ ಮೇಲೆ ಕೂಗಿದೆ.

"ನೋಡ್ರಿ! ಮ್ಯಾಲೆ ನೋಡ್ರಿ ಸರ್! ಇಪ್ಪತ್ಮೂರು ಅಂದ್ರಿ. ನಿಮ್ಮನ್ನ ಹಿಡದು ಇಪ್ಪತ್ನಾಕು!"

ಅವರು ಮೇಲೆ ನೋಡಿದರು. ಕೈ ಇನ್ನೂ ಮೇಲೆಯೇ ಇತ್ತು. ನಿಧಾನಕ್ಕೆ ಇಳಿಯಿತು. ಆಮೇಲೆ ಮೊಣಕಾಲು ನೋಯುವವರು ಕೂರುವ ಹಾಗೆ, ಗೋಡೆ ಹಿಡಿದುಕೊಂಡು, ನೆಲದ ಮೇಲೆ ಕೂತುಬಿಟ್ಟರು.

ಕಾವಲಿನ ಹೆಣ್ಣುಮಗಳು ಓಡಿ ಬಂದಳು. ಸವಿತಾಳನ್ನು ಹೊರಗೆ ಕರೆದೊಯ್ದು ತೋಟದ ಕಟ್ಟೆಯ ಮೇಲೆ ಕೂರಿಸಿ, ತನ್ನದೇ ಬಾಟಲಿಯ ತಣ್ಣೀರಿನಲ್ಲಿ ಬಟ್ಟೆ ಅದ್ದಿ ತುಟಿಗೆ ಹಿಡಿದಳು. "ಪೊಲೀಸ್ ಕರೀಲಾ ಮೇಡಂ?" ಎಂದು ನನ್ನನ್ನು ಕೇಳಿದಳು. ಬೇಡ ಎಂದೆ. ಬೇಡ ಎನ್ನುವಾಗ ನಾನು ಆ ಹುಡುಗಿಯನ್ನು ನೆನೆಯಲಿಲ್ಲ, ಸುಳ್ಳು ಹೇಳಬಾರದು. ನನ್ನ ನೌಕರಿ ನೆನಪಾಯಿತು. ನಿವೃತ್ತ ಶಿಕ್ಷಕರನ್ನು ಯಾರ ಅನುಮತಿಯಿಂದ ಕರೆದೊಯ್ದಿರಿ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾವಲಿನವಳು ಆ ಕಡೆ ಹೋದ ಮೇಲೆ ಸವಿತಾಳ ಪಕ್ಕ ಕೂತು ತಲೆ ಸವರಿದೆ.

"ಸವಿತಾ, ಒಂದು ಮಾತು ಕೇಳ ನನ್ನವ್ವ. ಮನ್ಯಾಗ ಕೇಳಿದ್ರ, ಅರಮನಿ ಮೆಟ್ಟಲದ ಮ್ಯಾಲೆ ಕಾಲು ಜಾರಿ ಬಿದ್ದೆ ಅನ್ನು. ಸರ್ ಹಿರ‍್ಯಾರು. ಅವರ ಮನಸ್ಸಿಗೆ ಏನೇನೋ ಆಗೇತಿ. ನಿನಗ ಆಮ್ಯಾಲೆ ಎಲ್ಲಾ ಹೇಳತೇನಿ."

ಅವಳು ತುಟಿಯಿಂದ ಬಟ್ಟೆ ತೆಗೆದಳು. "ನಾ ಬಿದ್ದಿಲ್ಲಲ್ರಿ ಟೀಚರ್."

"ಬಿದ್ದಿಲ್ಲ, ಖರೇ. ಆದ್ರ..."

"ನಮ್ಮವ್ವ ಭಾಳ ಸಲ ಬಿದ್ದಾಳ್ರಿ" ಎಂದಳು. "ಮೆಟ್ಟಲದ ಮ್ಯಾಲೆ, ಬಚ್ಚಲದಾಗ. ನಾ ಬೀಳಂಗಿಲ್ಲ."

ಸರ್ ನಮ್ಮ ಹಿಂದೆ ಬಂದು ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ಇನ್ನೂ ಬರಿಗಾಲಲ್ಲೇ ಇದ್ದರು. ನನ್ನ ಕಡೆ ನೋಡಿ, "ಸುಳ್ಳ ಹೇಳಾಕ ಕಲಸಬ್ಯಾಡ ಆ ಹುಡುಗಿಗೆ" ಎಂದರು. ಆಮೇಲೆ ಅವಳ ಎದುರಿನ ಹುಲ್ಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಮುದುಕಿಯ ಕಣ್ಣಿನ ಪೊರೆ, ಕಂಬಳಿ ಮಾರುವವನು, ಸೈಕಲ್ಲಿನ ಚೈನು, ಶವಾಗಾರದ ಎರಡು ಕಾಗದ. ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು, ಏನನ್ನೂ ಮುಚ್ಚಲಿಲ್ಲ. ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಕೊನೆಗೆ, "ಇದನ್ನ ಹೇಳಿದ್ದು ನೀ ಮಾಫಿ ಮಾಡ್ಲಿ ಅಂತ ಅಲ್ಲ. ನಿನಗ ಇದ್ಯಾವದೂ ಗೊತ್ತಿದ್ದಿಲ್ಲ. ನನಗ ಗೊತ್ತಿತ್ತು. ಗೊತ್ತಿದ್ದೂ ಹೊಡದೆ" ಎಂದರು.

ಸವಿತಾ ಒದ್ದೆ ಬಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. ಅವಳ ತುಟಿ ಅಷ್ಟರಲ್ಲಿ ಊದಿ ಒಂದು ಬದಿಗೆ ವಾಲಿತ್ತು. ಕೆನ್ನೆಯ ಮೇಲೆ ನಾಲ್ಕು ಬೆರಳು ಎದ್ದಿದ್ದವು.

"ನನ್ನ ಮಾರಿ ತಗೀರಿ" ಎಂದಳು.

"ಏನು?"

"ಚಿತ್ರ ತಗೀರಿ ಸರ್. ಹೆಂಗ ಐತಿ ಹಂಗ. ಮನೀ ಮುಟ್ಟೂದ್ರಾಗ ಬಾವು ಇಳದಿರತೈತಿ. ನಮ್ಮವ್ವ ನೋಡಬೇಕು."

ಅವರು ನನ್ನನ್ನು ನೋಡಿದರು. ನಾನು ಬೇರೆ ಕಡೆ ನೋಡಿದೆ. ಹುಡುಗಿಯೊಬ್ಬಳು ತನ್ನ ಡ್ರಾಯಿಂಗ್ ಪುಸ್ತಕ, ಪೆನ್ಸಿಲ್ ಮುಂದೆ ಹಿಡಿದಳು. ಸರ್ ತೆಗೆದುಕೊಂಡರು. ಮೊದಲ ಎರಡು ಗೆರೆಗಳು ಹಾಳಾದವು. ಅಭ್ಯಾಸದಂತೆ ಅವಳ ಗದ್ದ ಹಿಡಿಯಲು ಕೈ ಮುಂದೆ ಹೋಯಿತು. ಅವಳು ಬೆಚ್ಚಿ ಹಿಂದೆ ಸರಿದಳು. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ನಿನಗ ಹೆಂಗ ಬೇಕು ಹಂಗ ಕೂಡು ತಂಗಿ. ನಾ ಈ ಕಡೆ ಬರತೇನಿ" ಎಂದು, ನೋಯುವ ಮೊಣಕಾಲಲ್ಲೇ ಹುಲ್ಲಿನ ಮೇಲೆ ತೆವಳಿ, ಬೆಳಕು ಅವಳ ಮುಖದ ಮೇಲೆ ಬೀಳುವ ಕಡೆಗೆ ಹೋಗಿ ಕೂತರು.

ಮುಕ್ಕಾಲು ತಾಸು ಬರೆದರು. ಊದಿದ ತುಟಿಯ ಹೊಳಪು, ಒಣಗಿದ ರಕ್ತದ ಗೆರೆ, ನಾಲ್ಕು ಬೆರಳು. ಒಂದು ಬೆರಳಿನ ಗುರುತಿನಲ್ಲಿ ಉಂಗುರದ ಅಂಚು ಕೂಡ ಮೂಡಿತ್ತು. ಅದು ಅವರದೇ ಉಂಗುರ. ಅದನ್ನೂ ಬಿಡಲಿಲ್ಲ. ಕಣ್ಣು ಬರೆಯುವಾಗ ಮಾತ್ರ ಎರಡು ಸಲ ತಲೆ ತಗ್ಗಿಸಿ ನಿಲ್ಲಿಸಿದರು. ಅವಳು ನೆಟ್ಟ ನೋಟ ಕದಲಿಸಿರಲಿಲ್ಲ. ಅದಕ್ಕಿಂತ ಒಳ್ಳೆಯ ಚಿತ್ರ ಅವರು ಬರೆದದ್ದನ್ನು ನಾನು ನೋಡಿಲ್ಲ. ಕೆಳಗೆ ಅವಳ ಹೆಸರು ಬರೆದರು. ಕಲಾವಿದ ಸಹಿ ಹಾಕುವ ಮೂಲೆಯಲ್ಲಿ 'ಹೊಡೆದವನು' ಎಂದು ಬರೆದು, ಅದರ ಮುಂದೆ ತಮ್ಮ ಪೂರ್ತಿ ಹೆಸರು, ಮನೆಯ ವಿಳಾಸ ಬರೆದರು.

ಮೂರನೆಯ ದಿನ ಬೆಳಿಗ್ಗೆ ಗಂಗವ್ವ ನಮ್ಮ ಶಾಲೆಗೆ ಬಂದಳು. ಗಿರಣಿಯಿಂದ ಎದ್ದು ಬಂದವಳ ಹುಬ್ಬು, ತಲೆಗೂದಲಿನ ಮೇಲೆ ಹಿಟ್ಟು ಹಾಗೇ ಇತ್ತು. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಚಿತ್ರ. ಸರ್ ಅದಕ್ಕೂ ಮೊದಲೇ ಬಂದು ಹೆಡ್‌ಮೇಡಂ ಕೋಣೆಯ ಹೊರಗೆ ನಿಂತಿದ್ದರು. ಹಿಂದಿನ ದಿನವೂ ಇಡೀ ಅಲ್ಲೇ ನಿಂತಿದ್ದರು.

"ನನ್ನ ಮಗಳ ಮ್ಯಾಲೆ ಕೈ ಮಾಡಿದಾಂವ ಯಾಂವ?"

"ನಾನ್ರಿ ತಾಯಿ."

ಅವಳು ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಳು ಕೂಡ. ಒಂದೇ ಏಟು, ಕೆನ್ನೆಯ ಮೇಲೆ, ಹಿಟ್ಟಿನ ಗುರುತು ಬೀಳುವ ಹಾಗೆ. ಸರ್ ಅಲುಗಾಡಲಿಲ್ಲ. ಹೆಡ್‌ಮೇಡಂ ಎದ್ದು ನಿಂತರು. ಗಂಗವ್ವ ಒಳಗೆ ಹೋಗಿ ಪತ್ರಿಕೆ ಬಿಚ್ಚಿ ಚಿತ್ರವನ್ನು ಅವರ ಮೇಜಿನ ಮೇಲೆ ಹರಡಿದಳು. ಮಾತಾಡುವಾಗ ಅವಳ ಧ್ವನಿ ಜೋರಾಗಿರಲಿಲ್ಲ, ನಾನು ಬಲಗಿವಿ ತಿರುಗಿಸಿ ಕೇಳಿಸಿಕೊಳ್ಳಬೇಕಾಯಿತು.

"ಇಕಿ ಅಪ್ಪ ಹನ್ನೊಂದು ವರ್ಷ ನನಗ ಹೊಡದ. ಒಂದ ದಿನಾ ನಾ ಹೊಡದೆ ಅನ್ನಲಿಲ್ಲ. ಬಿದ್ಳು ಅಂದ, ಬಾಗಲಾ ಬಡೀತು ಅಂದ. ನಾನೂ ಹಂಗ ಅಂದೆ. ನೀವು ಬರದು ಕೊಟ್ಟೀರಿ. ಮಾಫಿ ಇಲ್ಲ ನಿಮಗ, ತಿಳೀತಿಲ್ಲೋ? ಆದ್ರ ಬರದು ಕೊಟ್ಟೀರಿ. ಇದು ನಮ್ಮ ಮನ್ಯಾಗ ಇರತೈತಿ."

"ಇರ್ಲಿ ತಾಯಿ" ಎಂದರು ಸರ್.

ಹೊರಗೆ ಬರುವಾಗ ಗಂಗವ್ವ ನನ್ನ ಮುಂದೆ ನಿಂತಳು. ಮಗಳು ಎಲ್ಲವನ್ನೂ ಹೇಳಿದ್ದಳು. "ಮೆಟ್ಟಲಾ ಅಂದ್ರಂತಲ್ಲ ಟೀಚರ್" ಎಂದು ಗೇಟಿನ ಕಡೆ ನಡೆದಳು. ನನಗೆ ಲಿಖಿತ ಎಚ್ಚರಿಕೆ ಬಂತು. ಸರ್ ನಮ್ಮ ಶಾಲೆಯ ಗೇಟು ದಾಟಬಾರದು ಎಂದಾಯಿತು. ಎರಡೂ ಸರಿಯಾಗಿಯೇ ಇದ್ದವು.

ಆಮೇಲೆ ಅವರು ಯಾರ ಮೇಲೂ ಕೈ ಎತ್ತಲಿಲ್ಲ ಎಂದು ಬರೆದು ಮುಗಿಸಿದರೆ ಎಲ್ಲರಿಗೂ ಸಮಾಧಾನ. ಅದು ನಿಜವಲ್ಲ. ಅರುವತ್ತು ದಾಟಿದ ದೇಹವನ್ನು ಆ ಚಾಳಿ ಅಷ್ಟು ಸುಲಭಕ್ಕೆ ಬಿಡಲಿಲ್ಲ. ಹಾಲಿನ ಡೇರಿಯ ಮುಂದೆ ಒಬ್ಬನನ್ನು ತಳ್ಳಿ ಕೆಡವಿದರು. ತಮ್ಮ ಸ್ವಂತ ಅಳಿಯನಿಗೆ ಕಪಾಳಕ್ಕೆ ಹೊಡೆದರು. ಬದಲಾದದ್ದು ಒಂದೇ: ಮರುದಿನ ಬೆಳಿಗ್ಗೆ ಏಟು ತಿಂದವರ ಮನೆಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾ ಹೊಡದೆ, ನಂದು ತಪ್ಪು ಎಂದು ಅವರ ಮನೆಮಂದಿಯೆಲ್ಲರ ಎದುರು ಹೇಳುತ್ತಿದ್ದರು. ಕೆಲವರು ಒಳಗೆ ಕರೆದು ಚಹಾ ಕೊಟ್ಟರು, ಕೆಲವರು ಬೈದರು, ಅಳಿಯ ನಾಯಿ ಬಿಟ್ಟ.

ಹೋದ ವರ್ಷ ಗೋಕುಲ ರಸ್ತೆಯಲ್ಲಿ, ಕಬ್ಬಿಣದ ಸರಳಿನಿಂದ ಬೀದಿನಾಯಿಯೊಂದನ್ನು ಹೊಡೆಯುತ್ತಿದ್ದವನ ಮೇಲೆ ಬಿದ್ದು ಅವನ ಹಲ್ಲು ಮುರಿದಿದ್ದರು. ಮರುದಿನ ಹತ್ತು ಗಂಟೆಗೆ ನಾನು ಶಾಲೆಗೆ ಹೋಗುವಾಗ ಅವನ ಮನೆಯ ಗೇಟಿನ ಮುಂದೆ ಬಿಸಿಲಲ್ಲಿ ನಿಂತಿದ್ದರು. ಇಸ್ತ್ರಿ ಅಂಗಿ. ಒಳಗಿನಿಂದ ಯಾರೋ ಪರದೆ ಸರಿಸಿ ನೋಡಿ ಮತ್ತೆ ಮುಚ್ಚಿದರು. ನಾನು ಗಾಡಿ ನಿಲ್ಲಿಸಿದೆ.

"ಅವರು ಗೇಟ್ ತಗಿಯೂದಿಲ್ರಿ ಸರ್. ಬರ್ರಿ, ಮನಿಗೆ ಬಿಡತೇನಿ."

"ತಗಿಯೋದು ಬಿಡೋದು ಅವರದು. ನಿಂದರೋದು ನಂದು. ನೀ ಹೋಗು, ಸಾಲಿಗೆ ಹೊತ್ತಾತು."

ಸಂಜೆ ಅದೇ ದಾರಿಯಲ್ಲಿ ತಿರುಗಿ ಬಂದೆ. ಗೇಟು ಮುಚ್ಚಿಯೇ ಇತ್ತು. ಯಾರೋ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹೊರಗಿಟ್ಟಿದ್ದರು. ಅವರು ಅದರ ಪಕ್ಕದಲ್ಲಿ ನಿಂತಿದ್ದರು.